ಆತಂಕಕ್ಕೆ ಮೂರು ಥೆರಪಿ: ನನಗೆ ಒಗ್ಗಿದ್ದು ಮೆಟಾಕಾಗ್ನಿಟಿವ್

ನನ್ನದು ಪ್ಯಾನಿಕ್ ಥರದ ಆತಂಕವಲ್ಲ. ಬೆಳಗ್ಗೆ ಎದ್ದಾಗಿನಿಂದ ‘ಹಾಗಾದರೆ? ಹೀಗಾದರೆ?’ ಎಂದು ತಲೆಯಲ್ಲಿ ಓಡುತ್ತಲೇ ಇರುವ ಚಿಂತೆ. ಇದಕ್ಕೆ ಮೂರು ಬಗೆಯ ಥೆರಪಿ ಮಾಡಿ ನೋಡಿದ್ದೇನೆ. ಮೂರರಿಂದಲೂ ಏನಾದರೊಂದು ಸಿಕ್ಕಿದೆ, ಆದರೆ ನನ್ನ ಕೈಹಿಡಿದದ್ದು ಮೆಟಾಕಾಗ್ನಿಟಿವ್ ಥೆರಪಿ.

ಮೊದಲು ಮಾಡಿದ್ದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ), ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಥೆರಪಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ್ದು. ಹೆದರಿ ದೂರ ಇಟ್ಟಿದ್ದನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವ ಭಾಗ ನಿಜಕ್ಕೂ ಒಳ್ಳೆಯದು. ತೊಡಕು ಬಂದದ್ದು ಯೋಚನೆ ಬರೆಯುವ ಹಾಳೆಯಲ್ಲಿ. ಒಂದು ಕಾಲಮ್‌ನಲ್ಲಿ ಯೋಚನೆ, ಪಕ್ಕದಲ್ಲಿ ಅದಕ್ಕೆ ಪುರಾವೆ, ಆಮೇಲೆ ಅದರ ವಿರುದ್ಧದ ಪುರಾವೆ.

‘ಎದೆಯಲ್ಲಿ ಏನೋ ಚುಚ್ಚುತ್ತಿದೆ, ಹೃದಯದ ತೊಂದರೆ ಇರಬಹುದು’ ಅಂತ ಬರೆಯುತ್ತಿದ್ದೆ. ‘ಟೆಸ್ಟ್ ಎಲ್ಲಾ ಸರಿಯಾಗಿದೆ’ ಅನ್ನುವುದು ಉತ್ತರ. ಟೆಸ್ಟ್ ಆದ ಮೇಲೆ ಶುರುವಾಗಿದ್ದರೆ? ಅದಕ್ಕೊಂದು ಉತ್ತರ ಬರೆದರೆ ಮತ್ತೊಂದು ಪ್ರಶ್ನೆ ಸಿದ್ಧ. ಸದಾ ಚಿಂತೆ ಮಾಡುವವರಿಗೆ ತಮ್ಮ ಜೊತೆ ತಾವೇ ವಾದ ಮಾಡುವುದು ಮೊದಲೇ ರೂಢಿ ಅಲ್ವಾ? ಅದನ್ನೇ ಈಗ ಪೆನ್ನು ಹಿಡಿದು ಮಾಡಿದ ಹಾಗಾಯಿತು. ಥೆರಪಿಸ್ಟ್‌ಗೆ ಹೇಳಿದರೆ, ಇನ್ನೂ ವಿವರವಾಗಿ ಬರೆಯಿರಿ ಅಂದರು. ಬರೆದಷ್ಟೂ ಚಿಂತೆಗೆ ಹೊಸ ಕವಲು ಒಡೆಯುತ್ತಿತ್ತು. ರಾತ್ರಿ ಮಲಗಿದ ಮೇಲೂ ಹಾಳೆಯಲ್ಲಿ ಬಿಟ್ಟುಹೋದ ಸಾಲು ನೆನಪಾಗುತ್ತಿತ್ತು.

ಎರಡನೆಯದು ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ಗಮನ ನಿಲ್ಲಿಸುವ ಧ್ಯಾನದ ಅಭ್ಯಾಸ. ಇದರ ಬಗ್ಗೆ ಜಾಸ್ತಿ ದೂರಿಲ್ಲ. ಜಾನ್ ಕಬಾಟ್-ಜಿನ್ 1979ರಲ್ಲಿ ಶುರುಮಾಡಿದ 8 ವಾರಗಳ ಕೋರ್ಸ್ ಇದು. ಗುಂಪಿನಲ್ಲಿ ಕಲಿಸುವುದರಿಂದ ಖರ್ಚು ಕಡಿಮೆ. ಆತಂಕದ ಕಾಯಿಲೆಗಳಿಗೆ ಇದು ಆತಂಕಕ್ಕೆ ಕೊಡುವ ಎಸ್ಸಿಟಾಲೊಪ್ರಾಮ್ ಮಾತ್ರೆಗಿಂತ ಹಿಂದೆ ಬೀಳುವುದಿಲ್ಲ ಎಂದು 2022ರ ಒಂದು ಅಧ್ಯಯನ ತೋರಿಸಿದೆ. ಆದರೆ ಮನೆಯಲ್ಲಿ ದಿನಾ ಸುಮಾರು 45 ನಿಮಿಷ ಅಭ್ಯಾಸ ಮಾಡಬೇಕು. ನನ್ನ ದಿನಚರಿಗೆ ಅದು ಒಗ್ಗಲಿಲ್ಲ.

ಮೂರನೆಯದಾದ ಮೆಟಾಕಾಗ್ನಿಟಿವ್ ಥೆರಪಿಯನ್ನು ರೂಪಿಸಿದವರು ಬ್ರಿಟನ್ನಿನ ಮನೋವಿಜ್ಞಾನಿ ಏಡ್ರಿಯನ್ ವೆಲ್ಸ್. ಇಲ್ಲಿ ಚಿಂತೆ ಯಾವುದರ ಬಗ್ಗೆ ಎಂದು ಕೆದಕುತ್ತಾ ಕೂರುವುದಿಲ್ಲ. ಚಿಂತೆಯ ಬಗ್ಗೆ ನಾವೇನು ನಂಬಿದ್ದೇವೆ ಅನ್ನುವುದನ್ನು ನೋಡುತ್ತಾರೆ. ‘ಇದನ್ನು ನಿಲ್ಲಿಸಲು ನನ್ನಿಂದ ಆಗುವುದಿಲ್ಲ’ ಅನ್ನುವುದು ಒಂದು ನಂಬಿಕೆ, ‘ಚಿಂತೆ ಮಾಡಿದರೇ ನಾನು ಸುರಕ್ಷಿತ’ ಅನ್ನುವುದು ಇನ್ನೊಂದು. ನನ್ನಲ್ಲಿ ಎರಡೂ ಇದ್ದವು. ಕೊಟ್ಟ ಕೆಲಸ ಸರಳ: ಚಿಂತೆ ಬಂದಾಗ ಓಡಿಸಬೇಡಿ, ಉತ್ತರವನ್ನೂ ಕೊಡಬೇಡಿ, ಸಂಜೆ ಗೊತ್ತುಮಾಡಿಕೊಂಡ ಸಮಯಕ್ಕೆ ಮುಂದೂಡಿ. ಸಂಜೆ ಬರುವಷ್ಟರಲ್ಲಿ ಬಹಳ ಸಲ ಅದರ ಅಗತ್ಯವೇ ಇರುತ್ತಿರಲಿಲ್ಲ. ನಿಲ್ಲಿಸಲು ಆಗುತ್ತದೆ ಅನ್ನುವುದಕ್ಕೆ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ.

2018ರಲ್ಲಿ ಪ್ರಕಟವಾದ ನಾರ್ವೆಯ ಒಂದು ಚಿಕ್ಕ ಅಧ್ಯಯನದಲ್ಲಿ, ನನ್ನಂಥ ಚಿಂತೆಯ ಕಾಯಿಲೆ ಇದ್ದವರ ಪೈಕಿ ಈ ಥೆರಪಿಯಿಂದ ಶೇ. 65ರಷ್ಟು ಜನ ಚೇತರಿಸಿಕೊಂಡರು, ಸಿಬಿಟಿಯಿಂದ ಶೇ. 38ರಷ್ಟು. ಸಾಮಾನ್ಯವಾಗಿ 8ರಿಂದ 12 ಸೆಷನ್‌ನಲ್ಲಿ ಮುಗಿಯುತ್ತದೆ. ತಿಂಗಳುಗಟ್ಟಲೆ ಫೀಸು ಕಟ್ಟಲಾಗದ ನನಗೆ ಇದೂ ಮುಖ್ಯವಾಯಿತು. ಕೊರತೆ ಒಂದೇ: ತರಬೇತಿ ಪಡೆದವರು ಕಡಿಮೆ, ಹುಡುಕಬೇಕು.

ನಿಮ್ಮದು ಲಿಫ್ಟ್, ವಿಮಾನ ಅಥವಾ ನಾಯಿಯ ಭಯವಾಗಿದ್ದರೆ ಸಿಬಿಟಿಯ ಎದುರಿಸುವ ಅಭ್ಯಾಸವನ್ನೇ ಮೊದಲು ಮಾಡಿ. ದಿನವಿಡೀ ಸುತ್ತುವ ಚಿಂತೆಯಾಗಿದ್ದರೆ ನಾನು ಹೇಳುವುದು ಮೆಟಾಕಾಗ್ನಿಟಿವ್. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಮಾತ್ರ ನಿಲ್ಲಿಸಬೇಡಿ.