ಶಿವಮೊಗ್ಗದ ದುರ್ಗಿಗುಡಿ ಡಿಟಿಪಿ ಅಂಗಡಿ: ಇಂಗ್ಲಿಷ್ ಲೇಬಲ್, ಪ್ರೊಫೈಲ್ ಮಾಡ್ಸೋರಿಗೆ

ನಮ್ಮತ್ತಿಗೆ ಸಾಗರದ ಹತ್ರ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರ್ತಾರೆ. ಬೆಂಗಳೂರಿನ ಅಂಗಡಿಯೋರು ಇಂಗ್ಲಿಷಲ್ಲಿ ಲೇಬಲ್ಲು, ಒಂದು ಪೇಜಿನ ಪ್ರೊಫೈಲು ಬೇಕು ಅಂದ್ರು, ಎರಡೂ ಇಲ್ಲೇ ಮಾಡ್ಸಿದ್ವಿ, ಕೆಲಸ ತುಂಬಾ ಚೆನ್ನಾಗಾಗಿದೆ.

ಮೊದ್ಲು ಬೇರೆ ಕಡೆ ಬರೆಸಿದ್ದ ಪ್ರೊಫೈಲಲ್ಲಿ ‘ಲೀಡಿಂಗ್ ಮ್ಯಾನುಫ್ಯಾಕ್ಚರರ್ಸ್ ಆಂಡ್ ಎಕ್ಸ್‌ಪೋರ್ಟರ್ಸ್’ ಅಂತ ಹಾಕಿಬಿಟ್ಟಿದ್ರು. ಕೆಲಸ ಮಾಡೋರು ಅತ್ತಿಗೆ, ಅವರ ತಂಗಿ, ಪಕ್ಕದ ಮನೆಯ ಇಬ್ರು ಹೆಂಗಸರು ಅಷ್ಟೇ. ಇಲ್ಲದ್ದನ್ನ ಬರೆದ್ರೆ ಮಾಲು ತಗೊಳ್ಳೋರು ಇರೋದನ್ನೂ ನಂಬಲ್ಲ.

ಇಲ್ಲಿಯೋರು ಟೈಪ್ ಮಾಡೋಕೆ ಕೂರೋ ಮೊದ್ಲೇ "ಅಕ್ಕಾ, ಮಿಡಿ ಎಲ್ಲಿಂದ ತರ್ತೀರಿ, ಉಪ್ಪಲ್ಲಿ ಎಷ್ಟು ದಿನ ಇಡ್ತೀರಿ, ಒಂದ್ಸಲಕ್ಕೆ ಎಷ್ಟು ಕಲಸ್ತೀರಿ?" ಅಂತ ಎಲ್ಲಾ ಕೇಳಿದ್ರು. ಒಂದೊಂದು ಭರಣಿಗೆ ಬೇರೆ ಬೇರೆ ಖಾರ ಅರೆದು ಕಲಸೋದು ಅಂತ ಅತ್ತಿಗೆ ಹೇಳಿದ್ಮೇಲೆ ‘ಮೇಡ್ ಇನ್ ಸ್ಮಾಲ್ ಬ್ಯಾಚಸ್’ ಅಂತ ಹಾಕಿದ್ರು, ಅದು ನಿಜಾನೇ. ‘ಹೋಮ್‌ಮೇಡ್’ ಬೇಕು ಅಂತ ನಾವು ಹಠ ಮಾಡಿದ್ವಿ. ಈಗ ಮನೆ ಹಿಂದಿನ ಶೆಡ್ಡಲ್ಲಿ ಆಳಿಟ್ಟು ಮಾಡ್ತೀರಲ್ಲ, ಗಿರಾಕಿಗೆ ತಪ್ಪು ಅಭಿಪ್ರಾಯ ಬರೋ ಹಾಗೆ ಆ ಪದ ಹಾಕಬಾರದು ಅಂತ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐನ 2018ರ ನಿಯಮದಲ್ಲೇ ಇದೆ ಅಂತ ಕೂರಿಸಿ ವಿವರಿಸಿದ್ರು. ಅಪ್ಪೆಮಿಡಿ ಅನ್ನೋ ಹೆಸರನ್ನ ಹಾಗೇ ದಪ್ಪಕ್ಷರದಲ್ಲಿ ಇಟ್ಟು ಕೆಳಗೆ ಸಣ್ಣದಾಗಿ ‘ಟೆಂಡರ್ ಮ್ಯಾಂಗೋ ಪಿಕಲ್’ ಅಂತ ಬರೆದಿದ್ದು ನಂಗೆ ಬಹಳ ಹಿಡಿಸ್ತು.

ಇನ್ನೊಂದು, ಪ್ರೊಫೈಲಲ್ಲಿ ಇದ್ದ ‘ಸ್ಮಾಲ್ ಸ್ಕೇಲ್ ಇಂಡಸ್ಟ್ರಿ’ ತೆಗೆದು ‘ಮೈಕ್ರೋ ಎಂಟರ್‌ಪ್ರೈಸ್’ ಮಾಡಿದ್ರು. ಸಣ್ಣ ಉದ್ಯಮಗಳ 2006ರ ಕಾಯ್ದೆ ಬಂದ್ಮೇಲೆ ಮೈಕ್ರೋ, ಸ್ಮಾಲ್, ಮೀಡಿಯಂ ಅಂತ ಮೂರೇ ಅಂತೆ, 2025ರ ಏಪ್ರಿಲ್ 1ರಿಂದ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ದಾಟದೋರೆಲ್ಲ ಮೈಕ್ರೋನೇ. ಇಂಥ ಉದ್ಯಮಗಳಿಗೆ ಸರ್ಕಾರ ಕೊಡೋ ಉದ್ಯಮ್ ಸರ್ಟಿಫಿಕೇಟಲ್ಲಿ ಇರೋದೂ ಅದೇ, ಬ್ಯಾಂಕಿಗೆ ಹೋದ್ರೆ ಎರಡೂ ಕಾಗದ ತಾಳೆ ಆಗ್ಬೇಕಲ್ವಾ. ಲೇಬಲ್ ಮೇಲೆ ಮಾತ್ರ ಮೈಕ್ರೋ ಗೀಕ್ರೋ ಏನೂ ಬೇಡ, ‘ಫ್ಯಾಮಿಲಿ ರನ್’ ಸಾಕು ಅಂದ್ರು. ಉದ್ಯಮ್ ರಿಜಿಸ್ಟ್ರೇಷನ್‌ಗೆ ಸರ್ಕಾರದ ಫೀಸು ಇಲ್ಲ, ಯಾರಿಗೂ ಸಾವಿರಗಟ್ಟಲೆ ಕೊಡ್ಬೇಡಿ ಅಂತ ಅವರಾಗೇ ಹೇಳಿ ಕಳಿಸಿದ್ರು.

ರೇಟು ಜಾಸ್ತಿ ಅನ್ನಿಸ್ಲಿಲ್ಲ. ಆದ್ರೆ ಫೋನ್ ಎತ್ತಲ್ಲ, ಮದುವೆ ಸೀಸನ್ನಲ್ಲಿ ಲಗ್ನಪತ್ರಿಕೆಯೋರ ರಶ್ಶು, ಪ್ರೂಫ್ ವಾಟ್ಸಾಪಲ್ಲಿ ಕಳಿಸಿ ಅಂದ್ರೆ ತಡ ಮಾಡ್ತಾರೆ, ಅಲ್ಲೇ ಕೂತು ಓದಿ ಓಕೆ ಮಾಡಿ ಬರೋದು ವಾಸಿ. ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ. ಹೋಗೋರು ಎಫ್‌ಎಸ್‌ಎಸ್‌ಎಐ ನಂಬರು, ಉದ್ಯಮ್ ಸರ್ಟಿಫಿಕೇಟು ತಗೊಂಡೇ ಹೋಗಿ, ಮತ್ತೆ ಉಪ್ಪಿನಕಾಯಿ ಮಾಡೋರನ್ನೇ ಜೊತೆಗೆ ಕರ್ಕೊಂಡು ಹೋಗಿ, ಅವರು ಕೇಳೋ ಪ್ರಶ್ನೆಗೆ ಬೇರೆಯವರ ಹತ್ರ ಉತ್ತರ ಇರಲ್ಲ.