ಹೊಸ ಕತಾನಾ, ಹಳೆ ವಾಕಿಜಾಶಿ: ಎರಡನ್ನೂ ಇಟ್ಟುಕೊಂಡು ನೋಡಿದ ಮೇಲೆ

ಒಸಾಕಾದ ನಮ್ಮ ಮನೆಯಲ್ಲಿ ಈಗ ಎರಡು ಕತ್ತಿಗಳಿವೆ. ಒಂದು ಎದೋ ಕಾಲದ (1603–1868) ವಾಕಿಜಾಶಿ. ಜಪಾನಿನ ಹಳೆ ಅಳತೆಯಲ್ಲಿ ಎರಡು ಶಾಕು, ಅಂದರೆ 60.6 ಸೆಂ.ಮೀ. ಒಳಗಿನ ಕತ್ತಿ. ಇನ್ನೊಂದು ಈಗಿನ ಕಮ್ಮಾರರೊಬ್ಬರಿಗೆ ಹೇಳಿ ಮಾಡಿಸಿದ ಕತಾನಾ, ಅಂದರೆ ಅದಕ್ಕಿಂತ ಉದ್ದದ ಕತ್ತಿ. ಇದಕ್ಕೆ ವಾಕಿಜಾಶಿಯ ಮೂರು ಪಟ್ಟು ದುಡ್ಡು ಹೋಯಿತು.

ರಾತ್ರಿ ಬೇರೆ ದೀಪ ಎಲ್ಲ ಆರಿಸಿ, ಒಂದೇ ಬಲ್ಬ್ ಹಾಕಿಕೊಂಡು ಎರಡನ್ನೂ ನೋಡುತ್ತೇನೆ. ಹೊಸದರ ಹಮೋನ್, ಅಂದರೆ ಅಲಗಿನ ಬಾಯಿಯುದ್ದಕ್ಕೂ ಕಾಣುವ ಗೆರೆ, ತಕ್ಷಣ ಕಣ್ಣಿಗೆ ಬೀಳುತ್ತದೆ. ಕಾಯಿಸಿ ನೀರಿಗೆ ಅದ್ದುವ ಮೊದಲು ಅಲಗಿಗೆ ಮಣ್ಣು ಮೆತ್ತುತ್ತಾರೆ. ಬಾಯಿಯ ಕಡೆ ತೆಳ್ಳಗೆ, ಬೆನ್ನಿನ ಕಡೆ ದಪ್ಪಗೆ. ಬೇಗ ತಣಿದ ಬಾಯಿ ಗಟ್ಟಿಯಾಗಿ, ಅದರ ಗಡಿಯಲ್ಲಿ ಈ ಗೆರೆ ಮೂಡುತ್ತದೆ. ಅಲಗನ್ನು ಸ್ವಲ್ಪ ಓರೆ ಮಾಡಿದರೆ ಗೆರೆಯ ಮೇಲೆ ನಿಯೆ ಎನ್ನುವ ಗಟ್ಟಿ ಉಕ್ಕಿನ ಕಾಳುಗಳು ಸಣ್ಣ ರವೆ ಉದುರಿಸಿದ ಹಾಗೆ ಮಿನುಗುತ್ತವೆ. ಈ ಒಂದು ವಿಷಯದಲ್ಲಿ ಹೊಸದೇ ಮುಂದು.

ಆದರೆ ಮೈ ನೋಡಿ. ಹೊಸದರ ಮೈ ಬಿಗಿ, ನುಣುಪು, ಹೆಚ್ಚು ಕಮ್ಮಿ ಎಲ್ಲ ಕಡೆ ಒಂದೇ ತರಹ. ಈಗಿನ ಕಮ್ಮಾರರು ಕತ್ತಿಗೆ ಬಳಸುವ ತಮಾಹಾಗಾನೆ ಉಕ್ಕು ಬಹುಮಟ್ಟಿಗೆ ಶಿಮಾನೆ ಪ್ರಾಂತ್ಯದ ಒಕುಇಜುಮೋದಲ್ಲಿ ಚಳಿಗಾಲದಲ್ಲಿ ಹಚ್ಚುವ ಒಂದೇ ಕುಲುಮೆಯಿಂದ ಬರುತ್ತದೆ. ಎನ್‌ಬಿಟಿಎಚ್‌ಕೆ ಎಂಬ, ಕತ್ತಿಗಳನ್ನು ಪರೀಕ್ಷಿಸಿ ಕಾಗದ ಕೊಡುವ ಜಪಾನಿನ ಸಂಸ್ಥೆ ಅದನ್ನು 1977ರಲ್ಲಿ ಮತ್ತೆ ಶುರು ಮಾಡಿತು. ಅದಕ್ಕೋ ಏನೋ. ಹಳೆಯದರ ಮೈಯಲ್ಲಿ ಬಾಯಿಯ ಕಡೆ ಗಂಟು ಗಂಟಾದ ಎಳೆ, ಬೆನ್ನಿನ ಕಡೆ ತೇಗದ ಹಲಗೆಯಂತೆ ನೆಟ್ಟಗಿನ ಎಳೆ. ಕತ್ತಿಗೆ ಹೆಸರಾದ ಹಳೆಯ ಪ್ರಾಂತ್ಯ ಮಿನೋ ಕಡೆಯದು ಎಂದು ಪರೀಕ್ಷೆಯ ಕಾಗದದಲ್ಲಿ ಬರೆದಿದ್ದಾರೆ. ಹಿಡಿಯಿಂದ ನಾಲ್ಕು ಬೆರಳು ಮೇಲೆ ಮಾತ್ರ ಒಂದು ಕಡೆ ಮಂಕಾಗಿದೆ. ಸಾಣೆ ಹಿಡಿದು ಹಿಡಿದು ಹೊರಗಿನ ಉಕ್ಕು ತೆಳುವಾಗಿ, ಒಳಗಿನ ಮೆತ್ತನೆ ಉಕ್ಕು ಇಣುಕುತ್ತಿದೆ. ಬೆಲೆ ಇಳಿದದ್ದೂ ಇದರಿಂದಲೇ. ನನಗೆ ಬೇಜಾರಿಲ್ಲ.

ಬಿದಿರಿನ ಮೊಳೆ ತೆಗೆದು ಹಿಡಿ ಬಿಚ್ಚಿದರೆ ನಕಾಗೋ, ಅಂದರೆ ಹಿಡಿಯೊಳಗೆ ಸೇರುವ ಅಲಗಿನ ಬುಡ, ಕಾಣುತ್ತದೆ. ಹೊಸದರಲ್ಲಿ ಅರದ ಗೆರೆಗಳು ನಿನ್ನೆ ಎಳೆದ ಹಾಗಿವೆ, ಕಮ್ಮಾರರ ಸಹಿಯ ಅಂಚು ಬೆರಳಿಗೆ ಚುಚ್ಚುತ್ತದೆ. ಹಳೆಯದರಲ್ಲಿ ಸಹಿ ಇಲ್ಲ. ಹಳೇ ಹುಣಸೆಹಣ್ಣಿನ ಬಣ್ಣದ ತುಕ್ಕು. ಅದನ್ನು ಯಾವತ್ತೂ ಉಜ್ಜಬೇಡಿ. ವಯಸ್ಸು ಗೊತ್ತಾಗುವುದೇ ಆ ತುಕ್ಕಿನಿಂದ.

ಇವೆರಡಕ್ಕೂ ಮೊದಲು ನನ್ನ ಹತ್ತಿರ ಇನ್ನೊಂದಿತ್ತು. ದೊಡ್ಡ ಹೆಸರಿನ ಸಹಿ, ಪೂರ್ತಿ ಉದ್ದದ ಕತಾನಾ, ಎನ್‌ಬಿಟಿಎಚ್‌ಕೆ ಕಾಗದ ಇಲ್ಲ. ಸರ್ಕಾರಿ ನೋಂದಣಿ ಚೀಟಿ ಇತ್ತಲ್ವಾ, ಅಷ್ಟು ಸಾಕು ಅಂದುಕೊಂಡೆ. ಆ ಚೀಟಿ ಕತ್ತಿ ಇಟ್ಟುಕೊಳ್ಳಲು ಬೇಕು, ಅಷ್ಟೇ. ಸಹಿ ನಿಜವೋ ಸುಳ್ಳೋ ಅದು ಹೇಳುವುದಿಲ್ಲ. ಪರೀಕ್ಷೆಗೆ ಕಳಿಸಿದಾಗ ಸಹಿ ಸುಳ್ಳು ಎಂದು ವಾಪಸ್ ಬಂತು. ತುಂಬಾ ದಿನ ಹೊಟ್ಟೆ ಉರಿಯಿತು.

ಹಾಗಾಗಿ ಸಂಗ್ರಹ ಶುರು ಮಾಡುವವರಿಗೆ ನಾನು ಹೇಳುವುದು, ಮೊದಲು ಕಾಗದ ಇರುವ ಹಳೆಯ ವಾಕಿಜಾಶಿ. ಉದ್ದ ಕಮ್ಮಿ ಅಂತ ಬಿಡಬೇಡಿ. ಅದೇ ದುಡ್ಡಿಗೆ ಸಿಗುವ ಕತಾನಾಕ್ಕಿಂತ ಕೆಲಸ ಚೆನ್ನಾಗಿರುತ್ತದೆ. ಒಂದೆರಡು ವರ್ಷ ಅದನ್ನೇ ನೋಡಿ ಕಣ್ಣು ಪಳಗಿದ ಮೇಲೆ ಹೊಸದನ್ನು ಮಾಡಿಸಿ. ಕಾಯಬೇಕಾಗುತ್ತದೆ. ಪರವಾನಗಿ ಇರುವ ಕಮ್ಮಾರರು ತಿಂಗಳಿಗೆ ಎರಡು ಉದ್ದ ಕತ್ತಿ ಮಾತ್ರ ಮಾಡಬಹುದು. ಆಮೇಲೆ ಸಾಣೆಯವರು, ಒರೆ ಮಾಡುವವರು ಬೇರೆ. ನನ್ನದು ಕೈಗೆ ಬರಲು ಒಂದೂವರೆ ವರ್ಷ ಆಯಿತು. ಆ ದಿನ ಒರೆಯಿಂದ ಎಳೆದಾಗ ಹೊಸ ಮರದ ವಾಸನೆ, ಅಲಗಿಗೆ ಹಚ್ಚಿದ ಲವಂಗದ ಎಣ್ಣೆಯ ವಾಸನೆ ಎರಡೂ ಒಟ್ಟಿಗೆ ಬಂದವು.