ಕಾರ್ ಸ್ಟೀರಿಯೊ: ನಾವೇ ಹಾಕೋದಾ, ಅಂಗಡಿಗೆ ಕೊಡೋದಾ?

ಹುಬ್ಬಳ್ಳಿಯ ಅಂಗಡಿಯಲ್ಲಿ ಕಾರು ಬಿಟ್ಟರೆ ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ನಾವೇ ಹಾಕಿದರೆ ಅರ್ಧ ಭಾನುವಾರ ಹೋಗುತ್ತದೆ, ಕೂಲಿ ಉಳಿಯುತ್ತದೆ.

ಎಲ್ಲ ನಿಂತಿರುವುದು ವೈರಿನ ಮೇಲೆ. ನಿಮ್ಮ ಕಾರಿಗೆ ಹೊಂದುವ ಕಪ್ಲರ್ (ವೈರ್ ಕತ್ತರಿಸದೆ ಹೊಸ ಸೆಟ್ಟನ್ನು ಕಾರಿನ ವೈರಿಗೆ ಜೋಡಿಸುವ ಪ್ಲಗ್) ಸಿಕ್ಕರೆ ಧೈರ್ಯವಾಗಿ ಕೈ ಹಾಕಿ. ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಹೊಸ ಸೆಟ್ಟಿನಲ್ಲಿ ಸಾಮಾನ್ಯವಾಗಿ ಹಳದಿ ವೈರಿಗೆ ಸದಾ 12 ವೋಲ್ಟ್ ಬೇಕು, ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ. ಕಪ್ಪು ಅರ್ಥಿಂಗ್. ಹಳದಿ, ಕೆಂಪು ಅದಲುಬದಲಾದರೆ ಕಾರು ಆಫ್ ಮಾಡಿದಾಗಲೆಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ. ನನಗೆ ಹೀಗೇ ಆಗಿತ್ತು, ಸುಮ್ನೆ ಸೆಟ್ಟನ್ನು ಬೈದಿದ್ದೆ!

ಕಪ್ಲರ್ ಸಿಗಲಿಲ್ಲ, ವೈರ್ ಕತ್ತರಿಸಲೇಬೇಕು ಅಂದರೆ ಅಂಗಡಿನೇ ಛಲೋ. ಆದರೆ ಕತ್ತರಿ ಯಾರೇ ಹಾಕಲಿ, ಕಾರಿನ ವಾರಂಟಿಗೆ ತಕರಾರು ಬರಬಹುದು. ಮೊದಲೇ ಕೇಳಿಕೊಳ್ಳಿ. ಆಂಪ್ಲಿಫೈಯರ್, ರಿವರ್ಸ್ ಕ್ಯಾಮೆರಾ ಕೂಡ ಬೇಕಾ? ಕಣ್ಣು ಮುಚ್ಚಿ ಅಂಗಡಿಗೆ ಹೋಗಿ.